ಮಿಲ್ಲಮ್ಮ ಉಪ್ಪಿಟ್ಟು ಹೊಗಳಿದ ದಿನ

ನನ್ನ ಎಡಗಿವಿ ಸ್ವಲ್ಪ ಮಂದ. ವಯಸ್ಸಾಯ್ತು ಕಣೇ ಅಂತ ನಮ್ಮ ಯಜಮಾನರು ಆಡಿಕೊಳ್ತಾರೆ. ವಯಸ್ಸೂ ಅಲ್ಲ, ಮಣ್ಣೂ ಅಲ್ಲ. ನನ್ನ ಹೊಲಿಗೆ ಮಿಷನ್ನು ಇರೋದು ಎಡಗಡೆ ಗೋಡೆಗೆ ಒತ್ತಿಕೊಂಡು. ಆ ಗೋಡೆಯಾಚೆ ಮಿಲ್ಲಮ್ಮನ ಹಿಟ್ಟಿನ ಗಿರಣಿ. ಗಿರಣಿ ಸದ್ದಿಗೆ ಕಿವಿ ಹೋಗಿದ್ದರೆ ಹೋಗಲಿ ಅನ್ನಬಹುದಿತ್ತು, ನನ್ನ ಕಿವಿ ಹೋದದ್ದು ಮಿಲ್ಲಮ್ಮನ ಬಾಯಿಗೆ.

ಹೋದ ತಿಂಗಳು ಅವರು ತೀರಿಕೊಂಡರು. ಬರೀಬೇಕು ಅನ್ನಿಸ್ತು, ಅದಕ್ಕೆ ಕೂತಿದ್ದೀನಿ. ಹೆಸರು ಮಾತ್ರ ಬರೆಯೋದಿಲ್ಲ. ಹೆಸರು ಹಿಡಿದು ಯಾರಾದರೂ ಕರೆದರೆ ಅವರಿಗೆ ಆಗ್ತಿರಲಿಲ್ಲ, ಸತ್ತವರ ಕೈಲೂ ಬೈಸಿಕೊಳ್ಳೋ ಧೈರ್ಯ ನನಗಿಲ್ಲ. ಅಜ್ಜಂಪುರದಲ್ಲಿ ಎಲ್ಲರೂ ಅವರನ್ನು ಮಿಲ್ಲಮ್ಮ ಅನ್ನೋರು. ಎದುರಿಗೆ ಮಾತ್ರ ಅಮ್ಮಾವ್ರೇ.

ಗಂಡ ಸಣ್ಣ ವಯಸ್ಸಿಗೇ ಹೋದಾಗ ಗಿರಣಿಗೆ ಬಂದು ಕೂತವರು ಅವರು. ಮಿಷನ್ ಸದ್ದಿನ ಮೇಲೆ ಕೂಗಿ ಕೂಗಿ, ಕರೆಂಟು ಹೋಗಿ ಮಿಷನ್ ನಿಂತರೂ ಗಂಟಲು ಇಳಿಯದ ಹಾಗೆ ಆಗಿಬಿಟ್ಟಿತ್ತು. ಮನೆಯೊಳಗೆ "ನೀರು ತಾರೇ" ಅಂದರೆ ಬೀದಿ ತುದಿಯ ಹೋಟೆಲಿನವನು ಲೋಟ ತುಂಬಿಸೋನು. ಬುಕ್ಕಾಂಬುಧಿಯಿಂದ ರಾಗಿ ತರುತ್ತಿದ್ದ ಮುದುಕನೊಬ್ಬ, "ಅಮ್ಮಾವ್ರೇ, ನೀವು ಇಲ್ಲಿ ಕೂಗಿದ್ರೆ ನಮ್ಮೂರ ಕೆರೇಲಿ ತೆರೆ ಏಳ್ತದೆ" ಅಂದ. "ಏಳ್ಲಿ ಬಿಡಯ್ಯ, ಹಂಗಾದ್ರೂ ನಿನ್ ಮೈಮೇಲೆ ನಾಕು ಹನಿ ನೀರು ಬೀಳ್ಲಿ" ಅಂದರು ಮಿಲ್ಲಮ್ಮ. ಮುದುಕ ಮುಂದಿನ ವಾರ ಸ್ನಾನ ಮಾಡಿಕೊಂಡು ಬಂದಿದ್ದ.

ಗಿರಣಿಗೆ ಒಂದು ಕಾನೂನಿತ್ತು. ಇದ್ದದ್ದು ಒಂದೇ ಮಿಷನ್ನು. ಬೆಳಗ್ಗೆ ಮೊದಲು ಅಕ್ಕಿ, ಆಮೇಲೆ ರಾಗಿ, ಆಮೇಲೆ ಗೋಧಿ. ಮೆಣಸಿನಕಾಯಿ ಎಲ್ಲಕ್ಕಿಂತ ಕೊನೆಗೆ, ಸಂಜೆಗೆ. ಖಾರ ಬೀಸಿದ ಮೇಲೆ ಒಂದಷ್ಟು ನುಚ್ಚು ಹಾಕಿ ಕಲ್ಲು ತಿರುಗಿಸಿ, ಆ ನುಚ್ಚು ಚೆಲ್ಲಿ, ಬಾಗಿಲು ಹಾಕೋದು. ಡಬ್ಬ ಯಾರದ್ದೇ ಆಗಲಿ, ಪಾಳಿ ತಪ್ಪೋ ಹಾಗಿರಲಿಲ್ಲ. ಒಂದ್ಸಲ ಊರಿನ ದೊಡ್ಡ ಮನುಷ್ಯರೊಬ್ಬರ ಹೆಂಡತಿ ಕಾರಿನಲ್ಲಿ ಬಂದು, ಬೆಳಗ್ಗೆ ಬೆಳಗ್ಗೆಯೇ ಮೆಣಸಿನಕಾಯಿ ಡಬ್ಬ ಮುಂದಕ್ಕೆ ಸರಿಸಿದರು. "ನಿಮ್ ಖಾರ ನಿಮ್ಮನೇಲಿರ್ಲಿ ತಾಯಿ, ಊರೋರ ಮುದ್ದೆಗೆ ಯಾಕೆ?" ಅಂತ ಮಿಲ್ಲಮ್ಮ ಆ ಡಬ್ಬ ಹೊತ್ತುಕೊಂಡು ಹೋಗಿ ಕಾರಿನ ಮೂತಿ ಮೇಲೆ ಇಟ್ಟು ಬಂದರು. ಆ ಹೆಂಗಸು ಸಂಜೆ ತಿರುಗಿ ಬಂದು ಸಾಲಿನಲ್ಲಿ ನಿಂತರು.

ನನಗೂ ಬೈಯದ ದಿನವಿರಲಿಲ್ಲ. "ನೀ ಹೊಲ್ದಿರೋ ಕುಪ್ಸ ತೊಟ್ಕಂಡು ಉಸ್ರಾಡಕ್ಕಾಗಲ್ಲ, ಉಸ್ರಾಡಿದ್ರೆ ಕುಪ್ಸ ಇರಲ್ಲ" ಅನ್ನೋರು. ನಾನೇನು ಸುಮ್ಮನಿರೋಳೇ? "ಉಸ್ರು ಕಮ್ಮಿ ಮಾಡ್ಕಳಿ ಅಮ್ಮಾವ್ರೇ, ಊರಿಗೂ ಒಳ್ಳೇದು" ಅಂತಿದ್ದೆ. ಗೋಡೆಯ ಈ ಕಡೆಯಿಂದ ಒಂದು, ಆ ಕಡೆಯಿಂದ ಎರಡು. ನಮ್ಮಿಬ್ಬರ ದಿನ ಹಾಗೆ ಕಳೀತಿತ್ತು.

ಆದರೆ ಬೈಗುಳದ ಸಿಂಹಪಾಲು ಸಿಕ್ಕಿದ್ದು ಸೊಸೆಗೆ. ಸೊಸೆ ಲಕ್ಕವಳ್ಳಿಯ ಹುಡುಗಿ, ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು, ದನಿ ಸಣ್ಣದು. ಮದುವೆಯಾಗಿ ಬಂದ ಮೊದಲ ಬೆಳಗ್ಗೆ ಉಪ್ಪಿಟ್ಟು ಮಾಡಿದಳು. "ಇದೇನೇ, ತಿನ್ನಾದಾ, ಗೋಡೆಗೆ ಮೆತ್ತಾದಾ?" ಅಂದರು ಅತ್ತೆ. ಅಲ್ಲಿಂದ ಶುರು. ಒಂದು ದಿನ ಉಪ್ಪು ಕಮ್ಮಿ, ಒಂದು ದಿನ ಉಪ್ಪು ಜಾಸ್ತಿ, ಒಂದು ದಿನ ಗಂಟು, ಒಂದು ದಿನ ಗಂಜಿ. ಅವಳ ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾದರು, ಪಿಯುಸಿ ಪಾಸಾದರು, ಉಪ್ಪಿಟ್ಟು ಮಾತ್ರ ಪಾಸಾಗಲಿಲ್ಲ. ಆದರೆ ಒಂದು ಮಾತು ಹೇಳಬೇಕು. ಬೈದು ಬೈದು ತಟ್ಟೆಯನ್ನ ಬೆರಳಿನಲ್ಲಿ ಬಳಿದು ತಿನ್ನೋರು, ಒಂದು ಕಾಳು ಬಿಡ್ತಿರಲಿಲ್ಲ.

ಇಂಥ ಮಿಲ್ಲಮ್ಮ ಎಪ್ಪತ್ತು ದಾಟಿ ಒಂದಷ್ಟು ಕಾಲಕ್ಕೆ ಮೆತ್ತಗಾಗತೊಡಗಿದರು. ಒಂದೇ ದಿನಕ್ಕೆ ಆದದ್ದಲ್ಲ, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಮೊದಲು ದನಿ ಇಳೀತು, ಗೊಗ್ಗರಾಯ್ತು. ಆಮೇಲೆ ನಡಿಗೆ ನಿಧಾನವಾಯ್ತು. ಮುಖ ತುಂಬಿಕೊಂಡಿತು, ಎಲ್ಲರೂ ಕಳೆ ಬಂದಿದೆ ಅಂದರು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಾವೆಲ್ಲ ಸೆರಗಿನಲ್ಲಿ ಗಾಳಿ ಹಾಕಿಕೊಳ್ತಿದ್ದರೆ, ಅವರು ಗಿರಣಿಯೊಳಗೆ ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡು ಕೆಮ್ಮಣ್ಣುಗುಂಡಿ ನೋಡೋಕೆ ಬಂದವರ ಹಾಗೆ ಕೂತಿರೋರು. ನಾನು ಬೇಕೂಂತ ಗೋಡೆ ಬಡಿದು, "ಅಮ್ಮಾವ್ರೇ, ನಿಮ್ ಮಿಷನ್ ಸದ್ದಿಗೆ ನನ್ ಸೂಜಿ ಮುರೀತು" ಅಂದೆ. ಬಹಳ ಹೊತ್ತಾದ ಮೇಲೆ ಆ ಕಡೆಯಿಂದ, "ಪಾಪ" ಅಂತ ಕೇಳಿಸಿತು. ನನಗೆ ಅವತ್ತು ಊಟ ಸೇರಲಿಲ್ಲ, ಸತ್ಯವಾಗಲೂ.

ಊರಿಗೆ ಮಾತ್ರ ಸಂಭ್ರಮ. ನಮ್ಮ ಬೀದಿಯಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರಿದ್ದಾರೆ, ಜಗಲಿ ಬಿಟ್ಟು ಏಳೋದೇ ಇಲ್ಲ. ಅವರು ತೀರ್ಪು ಕೊಟ್ಟರು: "ಇದು ವೈರಾಗ್ಯ ಕಣ್ರೀ. ಮಾಗಿದ ಜೀವ. ನಮ್ಮ ಮಿಲ್ಲಮ್ಮ ಶರಣೆ ಆಗ್ಬಿಟ್ರು." ಮೇಷ್ಟ್ರು ಹೇಳಿದ ಮೇಲೆ ಮುಗೀತಲ್ಲ. ಹೆಂಗಸರು ಡಬ್ಬದ ಜೊತೆಗೆ ಬಾಳೆಹಣ್ಣು ತರೋಕೆ ಶುರು ಮಾಡಿದರು. ಕಷ್ಟ ಹೇಳಿಕೊಳ್ಳೋರು. ಮಿಲ್ಲಮ್ಮ ಅರ್ಧ ಕಣ್ಣು ಮುಚ್ಚಿಕೊಂಡು ನಿಧಾನಕ್ಕೆ ತಲೆಯಾಡಿಸೋರು. ಒಬ್ಬಳು ಗಂಡನ ಜೊತೆ ಜಗಳವಾಡಿ ತವರಿಗೆ ಹೊರಟವಳು ಅವರ ಮುಂದೆ ಅತ್ತಳು. ಅವರು ತಲೆಯಾಡಿಸಿದರು. ಇವಳು ಬ್ಯಾಗು ತಿರುಗಿಸಿ ಗಂಡನ ಮನೆಗೇ ಹೋದಳು. "ಒಂದು ಮಾತೂ ಆಡ್ದೆ ಎಲ್ಲಾ ಹೇಳ್ಬಿಟ್ರು" ಅಂತ ಊರೆಲ್ಲ ಸಾರಿದಳು. ಅವತ್ತು ಅವರು ತಲೆಯಾಡಿಸಿದ್ದಲ್ಲ, ತೂಕಡಿಸಿದ್ದು. ನಾನು ಎದುರಿಗೇ ಇದ್ದೆ.

ಮಗನಿಗೂ ಇದು ಹಿಡಿಸಿಬಿಟ್ಟಿತು. ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಒಳ್ಳೆಯವನೇ, ಆದರೆ ಹುಟ್ಟಿದಾಗಿನಿಂದ ಬೈಸಿಕೊಂಡವನು. ಅಮ್ಮನಿಗೆ ಒಂದು ದೊಡ್ಡ ಕುರ್ಚಿ ತಂದ, ಮೇಲೆ ಶಾಲು ಹೊದಿಸಿದ. "ಇನ್ನು ಅಮ್ಮಂಗೆ ಈ ಧೂಳು ಸಾಕು, ಗಿರಣಿ ತೆಗ್ದು ಅಲ್ಲೊಂದು ಪೂಜೆ ಮನೆ ಮಾಡ್ಸಾಣ" ಅಂದ. ಮಿಷನ್ನು ತರೀಕೆರೆಯವನೊಬ್ಬನಿಗೆ ಕೊಡೋದು ಅಂತ ಮಾತಾಯ್ತು. ದೀಪಾವಳಿ ಕಳೆದ ಮೇಲೆ ಬಂದು ಬಿಚ್ಚಿಕೊಂಡು ಹೋಗ್ತೀನಿ ಅಂದಿದ್ದ. ಮಗ ಹೆದರಿ ಹೆದರಿ ಅಮ್ಮನ ಮುಂದೆ ಹೇಳಿದರೆ, ಅವರು "ಆಗ್ಲಿ ಬಿಡಪ್ಪ" ಅಂದರಂತೆ. ಆ ಮಿಷನ್ ಕಲ್ಲಿಗೆ ನೊಣ ಕೂತರೂ ಸಹಿಸದ ಹೆಂಗಸು! ನನಗೆ ಮೈಯೆಲ್ಲ ಉರಿದುಹೋಯ್ತು.

ಆ ವಾರವೇ ಖಾರದ ಮುದ್ದೆ ಆದದ್ದು. ಬೆಳಗ್ಗೆ ಯಾರೋ ತಂದಿಟ್ಟ ಮೆಣಸಿನಕಾಯಿ ಡಬ್ಬವನ್ನ ಮಿಲ್ಲಮ್ಮ ಸುಮ್ಮನೆ ಎತ್ತಿ ಮಿಷನ್ನಿಗೆ ಸುರಿದುಬಿಟ್ಟರು. ಅದರ ಹಿಂದೆಯೇ, ನುಚ್ಚೂ ಹಾಕದೆ, ಇಡೀ ಬೀದಿಯ ರಾಗಿ. ಅವತ್ತು ಮಧ್ಯಾಹ್ನ ನಮ್ಮ ಬೀದಿಯಲ್ಲಿ ಮುದ್ದೆ ಮುರಿದವರೆಲ್ಲ ಒಟ್ಟಿಗೆ ಹೊರಗೆ ಬಂದು ಬಾಯಿಗೆ ಗಾಳಿ ಹಾಕಿಕೊಂಡರು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ನಮ್ಮ ಯಜಮಾನರು ಇಡೀ ಚೊಂಬು ಮಜ್ಜಿಗೆ ಕುಡಿದರು. ಮೇಷ್ಟ್ರು ಬಿಕ್ಕಳಿಸುತ್ತಲೇ, "ಇದರಲ್ಲೂ ಏನೋ ಅರ್ಥ ಇರ್ತದೆ" ಅಂದರು. ನನಗೆ ರೇಗಿತು. "ಅರ್ಥ ಅಲ್ಲ ಮೇಷ್ಟ್ರೇ, ಖಾರ!" ಅಂದೆ.

ಮಾರನೇ ಬೆಳಗ್ಗೆ ಸೊಸೆ ಅಳುತ್ತಾ ನಮ್ಮನೆಗೆ ಓಡಿ ಬಂದಳು. ಕೈಯಲ್ಲಿ ಉಪ್ಪಿಟ್ಟಿನ ಸೌಟು ಹಾಗೇ ಇತ್ತು.

"ಅಕ್ಕಾ, ನಮ್ಮತ್ತೆ ಇನ್ನು ಬದ್ಕಲ್ಲ ಅಕ್ಕಾ."

"ಯಾಕೇ? ಬಿದ್ರಾ? ಏನಾಯ್ತು?"

"ಉಪ್ಪಿಟ್ಟು ಚೆನ್ನಾಗೈತೆ ಕಣವ್ವ ಅಂದ್ರು!"

ನಾನು ಕತ್ತರಿ ಕೆಳಗಿಟ್ಟೆ. "ಉಪ್ಪು ಹಾಕಿದ್ಯಾ?"

"ಮರ್ತೇ ಹೋಗಿತ್ತು ಅಕ್ಕಾ. ತಿಂದು ನೋಡ್ದೆ, ಹುಲ್ಲು ಇದ್ದಂಗಿತ್ತು. ಚೆನ್ನಾಗೈತೆ ಅಂದ್ರು. ಅರ್ಧ ತಟ್ಟೇಲೇ ಬಿಟ್ರು." ಅವಳು ನೆಲದ ಮೇಲೆ ಕೂತೇಬಿಟ್ಟಳು. "ಬೈಯ್ಲಿ ಅಕ್ಕಾ, ದಿನಾ ಬೈಯ್ಲಿ, ನಂಗೇನೂ ಆಗಲ್ಲ. ನನ್ ಅತ್ತೆ ನಂಗೆ ವಾಪಸ್ ಬೇಕು."

ಬೇರೆ ಯಾವ ಸೊಸೆಯಾದರೂ ಹಬ್ಬ ಮಾಡೋಳು. ಇವಳು ನೋಡಿ! ನನಗೂ ಕಣ್ಣು ತುಂಬಿಬಂತು. ಮಗನಿಗೆ ಹೇಳಿದರೆ, "ವಯಸ್ಸಾದ್ಮೇಲೆ ಹಂಗೇ ಕಣಕ್ಕ, ಅಮ್ಮ ಆರಾಮಾಗವ್ರೆ, ಸುಮ್ನೆ ಆಸ್ಪತ್ರೆ ಯಾಕೆ?" ಅಂದ. "ಆರಾಮಾಗಿ ಇರೋದು ಅವ್ರಲ್ಲಪ್ಪ, ನೀನು" ಅಂದೆ. ನಾನೂ ಸೊಸೆಯೂ ಮಿಲ್ಲಮ್ಮನನ್ನ ಮಂಕಿ ಕ್ಯಾಪಿನ ಸಮೇತ ಬಸ್ಸು ಹತ್ತಿಸಿಕೊಂಡು ಕಡೂರಿಗೆ ಹೋದೆವು.

ಡಾಕ್ಟರು ಒಬ್ಬ ಹೆಣ್ಣುಮಗಳು, ಚೆನ್ನಾಗಿ ಮಾತಾಡಿಸಿದರು. ಕುತ್ತಿಗೆ ಮುಟ್ಟಿದರು, ಒರಟು ಚರ್ಮ ನೋಡಿದರು, ಮೊಣಕಾಲಿಗೆ ಪುಟ್ಟ ಸುತ್ತಿಗೆಯಲ್ಲಿ ಬಡಿದರು. ಕಾಲು ಯೋಚನೆ ಮಾಡಿ ಮಾಡಿ ಎದ್ದಿತು. "ಏನ್ ತೊಂದ್ರೆ?" ಅಂತ ಕೇಳಿದ್ದಕ್ಕೆ ಸೊಸೆ, "ಬೈತಿಲ್ಲ ಡಾಕ್ಟ್ರೇ" ಅಂದಳು. ಡಾಕ್ಟರು ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಗೌರವ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಪೂರ್ತಿ ಕಮ್ಮಿ ಅಂತ ಬಂತು.

"ಕುತ್ತಿಗೇಲಿ ಒಂದು ಗ್ರಂಥಿ ಇರುತ್ತಮ್ಮ, ಅದರ ರಸ ಕಮ್ಮಿ ಆದ್ರೆ ಮೈಯೆಲ್ಲ ನಿಧಾನ ಆಗುತ್ತೆ. ಚಳಿ, ನಿದ್ದೆ, ಮರೆವು, ಮಲಬದ್ಧತೆ, ಎಲ್ಲಾ ಅದರದ್ದೇ. ಮನೆಯೋರು ವಯಸ್ಸಾಯ್ತು ಅಂದ್ಕೊಂಡು ಸುಮ್ನಿದ್ಬಿಡ್ತಾರೆ" ಅಂದರು ಡಾಕ್ಟರು.

ಮಿಲ್ಲಮ್ಮ ನಿಧಾನಕ್ಕೆ ಕುತ್ತಿಗೆ ಮುಟ್ಟಿಕೊಂಡು, "ಮಿಷನ್ ಬೆಲ್ಟು ಸಡ್ಲ ಆಗೈತೆ ಅನ್ನಿ" ಅಂದರು.

"ಅದೇ ಅಮ್ಮ. ಮಾತ್ರೆ ಕೊಡ್ತೀನಿ. ವಯಸ್ಸಾದೋರಿಗೆ ಒಂದೇ ಸಲ ಬಿಗಿ ಮಾಡಬಾರ್ದು, ಸ್ವಲ್ಪ ಸ್ವಲ್ಪ ಜಾಸ್ತಿ ಮಾಡೋಣ. ಬೆಳಗ್ಗೆ ಖಾಲಿ ಹೊಟ್ಟೇಲಿ ತಗೋಬೇಕು."

ನಾವು ಕುಣಿದುಕೊಂಡು ಬಂದೆವು. ಆದರೆ ಎಷ್ಟು ವಾರ ಕಾದರೂ ಮಿಲ್ಲಮ್ಮ ಹಾಗೇ ಇದ್ದರು. ತಿರುಗಿ ಕಡೂರಿಗೆ ಹೋದೆವು, ಡಾಕ್ಟರು ಮಾತ್ರೆ ಸ್ವಲ್ಪ ಜಾಸ್ತಿ ಮಾಡಿದರು. ಊಹೂಂ. ಮತ್ತೆ ಪರೀಕ್ಷೆ ಮಾಡಿಸಿದರೂ ಅದೇ ಕತೆ. ಇತ್ತ ದೀಪಾವಳಿ ಹತ್ತಿರ ಬಂತು. ತರೀಕೆರೆಯವನು ಬಂದು ಮಿಷನ್ನಿನ ಅಳತೆ ತಗೊಂಡು ಹೋದ. ಮಿಲ್ಲಮ್ಮ ಅವನಿಗೆ ಬಾಳೆಹಣ್ಣು ಕೊಟ್ಟು ಕಳಿಸಿದರು. ಸೊಸೆ ದಿನಾ ಉಪ್ಪಿಟ್ಟು ಮಾಡೋಳು, ದಿನಾ ಪಾಸಾಗೋಳು, ದಿನಾ ಅಳೋಳು.

"ಮಾತ್ರೆ ಹೆಂಗ್ ತಗೋತಾರೆ? ನೀವು ಕಣ್ಣಲ್ಲಿ ನೋಡಿದ್ದೀರಾ?" ಅಂತ ಮೂರನೇ ಸಲ ಹೋದಾಗ ಡಾಕ್ಟರು ಕೇಳಿದ್ದಕ್ಕೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಮಾರನೇ ಬೆಳಗ್ಗೆ ನಾನೂ ಸೊಸೆಯೂ ಬಾಗಿಲ ಸಂದಿಯಲ್ಲಿ ನಿಂತು ನೋಡಿದೆವು. ಮಿಲ್ಲಮ್ಮ ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರು. ಹುಟ್ಟಿದಾಗಿನಿಂದ ಲಿಂಗಕ್ಕೆ ಅರ್ಪಿಸದೆ ಒಂದು ತೊಟ್ಟು ನೀರೂ ಬಾಯಿಗೆ ಹಾಕಿದವರಲ್ಲ. ಹಾಗಿದ್ದ ಮೇಲೆ ಮಾತ್ರೆಯನ್ನ ಹಾಕ್ತಾರಾ? ಬೆಳ್ಳಿ ಬಟ್ಟಲಲ್ಲಿ ಗಟ್ಟಿ ಹಾಲು, ಸಕ್ಕರೆ, ಕಿವುಚಿದ ಬಾಳೆಹಣ್ಣು, ಅದರೊಳಗೆ ಕಡೂರಿನ ಮಾತ್ರೆ. ಶ್ರದ್ಧೆಯಿಂದ ಕಲಸಿ, ಲಿಂಗಕ್ಕೆ ತೋರಿಸಿ, ಕಣ್ಣಿಗೊತ್ತಿಕೊಂಡು, ಪ್ರಸಾದ ಅಂತ ಸೇವಿಸಿದರು. ಅದರ ಹಿಂದೆಯೇ ಒಂದು ದೊಡ್ಡ ಲೋಟ ಕಾಫಿ.

ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಆ ಕಡೆ ಕುರ್ಚಿಯಿಂದ ಎದ್ದ ಸದ್ದು ಕೇಳಿಸಿತು. "ಅಯ್ಯೋ ರಾಮ! ಹಾಲು, ಕಾಫಿ ಜೊತೆ ತಗೊಂಡ್ರೆ ಅದು ಮೈಗೆ ಸರಿಯಾಗಿ ಹತ್ತಲ್ಲಮ್ಮ. ನೀರಲ್ಲಿ ಮಾತ್ರ ತಗೋಬೇಕು. ಆಮೇಲೆ ಅರ್ಧ ಗಂಟೆಗೂ ಮೇಲೆ ಏನೂ ಕೊಡ್ಬೇಡಿ" ಅಂದರು.

ಹೇಳೋದೇನೋ ಸುಲಭ. ಎದ್ದ ತಕ್ಷಣ ನುಂಗಿ ಅಂದರೆ ಮಿಲ್ಲಮ್ಮ, "ಲಿಂಗಕ್ಕಿಲ್ಲದ್ದು ನಂಗ್ಯಾಕೆ?" ಅಂತ ಬಾಯಿ ಮುಚ್ಚಿ ಕೂತುಬಿಟ್ಟರು. ಹಾಲಿಲ್ಲದ ನೈವೇದ್ಯವೂ ಆಗೋದಿಲ್ಲ. ಮಗ ಕೈ ಚೆಲ್ಲಿದ. ಮೇಷ್ಟ್ರು ಜಗಲಿಯಿಂದಲೇ, "ಬಲವಂತ ಮಾಡ್ಬೇಡಿ, ಪಾಪ ಬರ್ತದೆ" ಅಂದರು. ನಾನು ಮೇಷ್ಟ್ರಿಗೆ ಏನೋ ಅನ್ನೋಳಿದ್ದೆ, ಅಷ್ಟರಲ್ಲಿ ಸೊಸೆ ಅತ್ತೆಯ ಮುಂದೆ ಕೂತಳು.

"ಅತ್ತೆ, ನಮ್ಮ ಗಿರಣೀಲಿ ಎಲ್ಲಾ ಡಬ್ಬಾನೂ ಒಟ್ಗೇ ಸುರೀತೀವಾ?"

ಮಿಲ್ಲಮ್ಮ ನಿಧಾನಕ್ಕೆ ಕಣ್ಣು ಬಿಟ್ಟರು.

"ಎಲ್ಲಕ್ಕೂ ಪಾಳಿ ಐತಲ್ಲ ಅತ್ತೆ. ಪೂಜೇಲೂ ಪಾಳಿ ಮಾಡಾಣ. ಮೊದ್ಲು ನೀರು, ಮಾತ್ರೆ. ಅದುನ್ನೇ ಲಿಂಗಕ್ಕೆ ತೋರ್ಸಿ ತಗಳ್ಳಿ. ಆಮೇಲೆ ಕೂತು ಜಪ ಮಾಡಿ. ಹಾಲು, ಬಾಳೆಹಣ್ಣು ಎರಡ್ನೇ ನೈವೇದ್ಯ. ಕಾಫಿ ಮೆಣಸಿನಕಾಯಿ ಇದ್ದಂಗೆ, ಎಲ್ಲಕ್ಕಿಂತ ಕೊನೇಗೆ."

ಮಿಲ್ಲಮ್ಮ ಯೋಚನೆ ಮಾಡಿದರು. ಹಾಲು ಕಾಯಿಸೋಷ್ಟು ಹೊತ್ತು ಯೋಚನೆ ಮಾಡಿದರು. "ಪಾಳಿ ಅಂದ್ರೆ ಪಾಳಿ" ಅಂದರು.

ಆಮೇಲೆ ಅದು ಕೆಲಸ ಮಾಡಿತು ನೋಡಿ. ಮೊದಲು ಮಂಕಿ ಕ್ಯಾಪು ಇಳೀತು. ಆಮೇಲೆ ಒಂದು ದಿನ ಬೆಕ್ಕಿಗೆ ಬೈದರು. ಸಣ್ಣ ದನಿಯಲ್ಲೇ ಬೈದದ್ದು, ಆದರೂ ಸೊಸೆ ಆ ಬೆಕ್ಕಿಗೆ ಹಾಲು ಹಾಕಿದಳು. ಬಾಳೆಹಣ್ಣು ತಂದವಳೊಬ್ಬಳಿಗೆ, "ನಿನ್ ಕಷ್ಟ ನಿಂಗೆ ಇರ್ಲಿ, ಡಬ್ಬದ ಮುಚ್ಳ ಎಲ್ಲಿ?" ಅಂದರು. ಅವಳು ಪ್ರಸಾದದ ಮಾತು ಅಂತ ಡಬ್ಬ ಕಣ್ಣಿಗೊತ್ತಿಕೊಂಡು ಹೋದಳು.

ದೀಪಾವಳಿ ಮುಗಿದು ತರೀಕೆರೆಯವನು ಹೇಳಿದ ದಿನಕ್ಕೆ ಸರಿಯಾಗಿ ಟೆಂಪೋ ತಂದು ನಿಲ್ಲಿಸಿದ. ಸೊಸೆ ಮುಖ ಬಿಳುಚಿಕೊಂಡು ಬಾಗಿಲಲ್ಲಿ ನಿಂತಳು. ಮಗ ಎಲ್ಲೋ ಮಾಯವಾಗಿದ್ದ. ಮಿಲ್ಲಮ್ಮ ಶಾಲಿನ ಕುರ್ಚಿಯಲ್ಲಿ ಕೂತಿದ್ದರು. ತರೀಕೆರೆಯವನು ಅವರ ಕಾಲಿಗೆ ಬಿದ್ದು, ಒಳಗೆ ಹೋಗಿ ಬೆಲ್ಟಿಗೆ ಸ್ಪ್ಯಾನರ್ ಹಿಡಿದ. ನಾನು ಗೋಡೆಯ ಈ ಕಡೆ ಹೊಲಿಗೆ ನಿಲ್ಲಿಸಿ ಕೂತಿದ್ದೆ.

"ಯಾವನ್ಲಾ ಅವ್ನು, ನನ್ ಬೆಲ್ಟಿಗೆ ಕೈ ಹಾಕ್ದೋನು!"

ನನ್ನ ಮಿಷನ್ನಿನ ಮೇಲಿದ್ದ ದಾರದ ಉಂಡೆ ಉರುಳಿ ಬಿತ್ತು. ಎದುರುಮನೆಯ ಮಗು ಅಳತೊಡಗಿತು. ಹೋಟೆಲಿನವನು ಲೋಟ ತುಂಬಿಸಿದ. ನಾನು ಕೂತಲ್ಲೇ ಚಪ್ಪಾಳೆ ತಟ್ಟಿ ಅಳೋದು, ನಗೋದು ಎರಡೂ ಮಾಡಿದೆ. ತರೀಕೆರೆಯವನು ಸ್ಪ್ಯಾನರ್ ಅಲ್ಲೇ ಬಿಟ್ಟು ಟೆಂಪೋ ಹತ್ತಿದ. "ಅಮ್ಮಾವ್ರೇ, ನೀವೇ ಆಗ್ಲಿ ಅಂದಿದ್ರಿ" ಅಂತ ಕಿಟಕಿಯಿಂದ ಅಂದ. "ಅಂದಿದ್ದು ನಾನಲ್ಲ ಕಣಯ್ಯ, ನನ್ ಕುತ್ಗೆ!" ಅಂದರು ಮಿಲ್ಲಮ್ಮ.

ಆವತ್ತು ಸಂಜೆ ಅವರು ನನಗೆ ಹೇಳಿದ ಮಾತು ಇವತ್ತಿಗೂ ನೆನಪಿದೆ. "ಆಗ ಹೆಂಗಿತ್ತು ಗೊತ್ತೇನೇ? ನೀವೆಲ್ಲ ಮಾತಾಡಾದು ಕೇಳ್ತಿತ್ತು. ಉತ್ರಾನೂ ಹೊಳೀತಿತ್ತು. ಅದು ಬಾಯಿಗೆ ಬರಾ ಹೊತ್ಗೆ ನೀವು ಎದ್ದೋಗಿರ್ತಿದ್ರಿ. ಬಾವಿ ಒಳಗೆ ಕೂತಂಗಿತ್ತು ಕಣೇ." ನಾನು ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಂಡು, "ನಿನ್ ಸೂಜಿ ಮುರ್ದಿದ್ದು ಮಿಷನ್ ಸದ್ದಿಗಲ್ಲ, ನಿಂಗೆ ಹೊಲ್ಯಕ್ಕೆ ಬರಲ್ಲ ಅದ್ಕೆ" ಅಂದರು. ಆ ಉತ್ತರ ಏಪ್ರಿಲ್ಲಿಂದ ಕಾದು ಕೂತಿತ್ತು.

ಹಾಗೆ ಒಳಗೆ ಉಳಿದ ಬೈಗುಳಗಳನ್ನೆಲ್ಲ ಅವರು ಬೀದಿ ಬೀದಿ ತಿರುಗಿ ಹಂಚಿದರು. ಯಾರದ್ದನ್ನೂ ಮರೆತಿರಲಿಲ್ಲ. ಮೇಷ್ಟ್ರ ಜಗಲಿ ಮುಂದೆ ಬಹಳ ಹೊತ್ತು ನಿಂತರು. ಕೆಲವರಿಗೆ ಇದರಿಂದ ಬೇಜಾರಾಯ್ತು. ಬಾಳೆಹಣ್ಣಿನ ಹೆಂಗಸೊಬ್ಬಳು ಸೊಸೆಯ ಕಿವಿಯಲ್ಲಿ, "ಗುರುವಾರ ಒಂದಿನ ಮಾತ್ರೆ ಬಿಡ್ಸಿ ನೋಡಿ, ನಾವು ಆವತ್ತು ಬತ್ತೀವಿ" ಅಂದಳಂತೆ.

ಅಲ್ಲಿಂದ ಊರಿಗೆಲ್ಲ ಥೈರಾಯ್ಡ್ ಹುಚ್ಚು ಹಿಡೀತು. ಮೊಣಕಾಲು ನೋವಿಗೂ ಥೈರಾಯ್ಡ್, ಎಮ್ಮೆ ಹಾಲು ಕಮ್ಮಿಯಾದರೂ ಥೈರಾಯ್ಡ್. ವಯಸ್ಸಾದವರೆಲ್ಲ ಕಡೂರಿನ ಬಸ್ಸು ಹತ್ತಿದರು. ಡಾಕ್ಟರು ಬಹಳ ಜನರನ್ನ ಮಾತ್ರೆ ಕೊಡದೆ ವಾಪಸ್ ಕಳಿಸಿದರು. ವಯಸ್ಸಾದವರಿಗೆ ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಬಂದರೆ ಎಲ್ಲರಿಗೂ ಮಾತ್ರೆ ಬೇಕಾಗಲ್ಲ, ಸುಮ್ಮನೆ ನುಂಗಿದರೆ ಎದೆ ಹೊಡ್ಕೊಳ್ಳುತ್ತೆ ಅಂದರಂತೆ. ಮೇಷ್ಟ್ರೂ ಪರೀಕ್ಷೆ ಮಾಡಿಸಿಕೊಂಡರು. ಎಲ್ಲಾ ಸರಿಯಾಗಿದೆ ಅಂತ ಬಂತು. "ನಾನ್ ಹೇಳ್ಲಿಲ್ವಾ, ಇದು ಕಾಯ್ಲೆ ಅಲ್ಲ, ಸೋಮಾರಿತನ" ಅಂತ ಅವರ ಹೆಂಡತಿ ಆ ಚೀಟಿಯನ್ನ ಜಗಲಿ ಗೋಡೆಗೆ ಅಂಟಿಸಿದರು.

ಇನ್ನು ಉಪ್ಪಿಟ್ಟಿನ ವಿಷಯ. ಟೆಂಪೋ ವಾಪಸ್ ಹೋದ ಮಾರನೇ ಬೆಳಗ್ಗೆ ಸೊಸೆ ಕೆಂಪು ಮುಖ ಮಾಡಿಕೊಂಡು ನಮ್ಮ ಬಾಗಿಲಿಗೆ ಬಂದಳು. "ಅಕ್ಕಾ, ಬೈದ್ರು! ಗೋಡೆಗೆ ಮೆತ್ತು ಹೋಗು ಅಂದ್ರು! ತಟ್ಟೆ ಪೂರ್ತಿ ಬಳ್ದು ತಿಂದ್ರು!" ನಾವಿಬ್ಬರೂ ಅವತ್ತು ಕಾಫಿಗೆ ಸಕ್ಕರೆ ಜಾಸ್ತಿ ಹಾಕಿಕೊಂಡು ಕುಡಿದೆವು.

ಅಲ್ಲಿಂದ ಮಿಲ್ಲಮ್ಮ ಬಹಳ ವರ್ಷ ಗಿರಣಿ ನಡೆಸಿದರು. ಪ್ರತಿ ಬೆಳಗ್ಗೆ ಪಾಳಿ ಪ್ರಕಾರ ಮಾತ್ರೆ, ಜಪ, ಹಾಲು, ಕಾಫಿ, ಆಮೇಲೆ ಸೊಸೆ ಉಪ್ಪಿಟ್ಟು ಮುಂದಿಟ್ಟು ಸೆರಗು ಹಿಡಿದು ನಿಲ್ಲೋಳು. ಬೈದರೆ ಅವಳಿಗೆ ನೆಮ್ಮದಿ. ಅವಳ ಪಾಲಿಗೆ ಅದೇ ರಕ್ತಪರೀಕ್ಷೆ.

ಹೋದ ತಿಂಗಳು ತೀರಿಕೊಂಡ ದಿನ ಬೆಳಗ್ಗೆಯೂ ಬೈದಿದ್ದರು. "ಉಪ್ಪು ಯಾರಪ್ಪಂಗೆ ಉಳಿಸ್ತಿದ್ದೀಯೇ?" ಅಂದಿದ್ದರು. ಸೊಸೆ ಖುಷಿಯಾಗಿ ಬೀರೂರಿಗೆ ಯಾರದೋ ಮದುವೆಗೆ ಹೋದಳು. ಮಧ್ಯಾಹ್ನ ಮಿಲ್ಲಮ್ಮ ಖಾರದ ಡಬ್ಬ ಒಂದನ್ನ ಸಾಲಿನ ಕೊನೆಗೆ ಸರಿಸಿ, ಕುರ್ಚಿಗೆ ಬಂದು ಕೂತವರು ಮತ್ತೆ ಏಳಲಿಲ್ಲ. ಸೊಸೆ ಬಂದು ಬಿದ್ದು ಬಿದ್ದು ಅತ್ತಳು. "ಬೆಳಗ್ಗೆ ಬೈದಿದ್ರಲ್ಲಕ್ಕಾ, ಚೆನ್ನಾಗೇ ಇದ್ರಲ್ಲಕ್ಕಾ" ಅಂತಲೇ ಅತ್ತಳು.

ಅವರನ್ನು ಹೊಲದಲ್ಲಿ ಮಣ್ಣು ಮಾಡಿದ್ದಾರೆ. ಶಿವಗಣಾರಾಧನೆಯ ದಿನ ಗದ್ದುಗೆಯ ಮುಂದೆ ಎಡೆ ಇಡೋಕೆ ಹೋದಾಗ ನಾನೂ ಹೋಗಿದ್ದೆ. ಹೋಳಿಗೆ, ಪಾಯಸ, ಮುದ್ದೆ, ಎಲ್ಲಾ ಇಟ್ಟಾದ ಮೇಲೆ ಸೊಸೆ ಒಂದು ಬಟ್ಟಲು ಉಪ್ಪಿಟ್ಟು ಇಟ್ಟಳು. ಪ್ರಸಾದ ಹಂಚುವಾಗ ನಾನು ಒಂದು ತುತ್ತು ಬಾಯಿಗೆ ಹಾಕಿಕೊಂಡೆ. ಒಂದು ಹರಳು ಉಪ್ಪೂ ಇರಲಿಲ್ಲ.

"ಏನೇ ಇದು, ಇವತ್ತೂ ಉಪ್ಪು ಮರ್ತಿದ್ದೀಯಲ್ಲೇ?" ಅಂದೆ.

"ಮರ್ತಿಲ್ಲಕ್ಕಾ" ಅಂದಳು ಸೊಸೆ, ಕಣ್ಣೊರೆಸಿಕೊಂಡು. "ಬೈಯ್ದೇ ಇದ್ರೆ ಅವ್ರಿಗೆ ತಿಂದಂಗೇ ಆಗಲ್ಲ."